ಹಂದಿಗೋಸ್ಕರ ಮಡಿ

ಚಿಕ್ಕಜಾಲದ ಹಂದಿಗಳನ್ನ ಕೊಲ್ಲೋದು ಬೇಡವಂತೆ ಕಣ್ರೀ! ಹಾಗಂತ ಕಂಡುಹಿಡಿದಿದ್ದು ನನ್ನ ಮೊಮ್ಮಗಳು! ಜಕ್ಕೂರಿನ ಬೀದೀಲಿ ಸಿಕ್ಕಿದೋರಿಗೆಲ್ಲ ಹೇಳಿ ಆಯ್ತು, ಈಗ ನಿಮ್ಮ ಸರದಿ.

ಈ ಹುಡುಗಿಗೆ ಸ್ವಲ್ಪ ತಿಕ್ಕಲು. ಪಶು ಡಾಕ್ಟರ್ ಓದಿದೋಳು ಹಸು, ನಾಯಿ ಅಂತ ಮರ್ಯಾದೆಯಾಗಿ ಇರಬಾರದಾ? ಹೆಬ್ಬಾಳದ ಲ್ಯಾಬಲ್ಲಿ ಕೂತು ಹಂದಿಗಳ ಜ್ವರದ ಹಿಂದೆ ಬಿದ್ದಿದ್ದಾಳೆ! ಹಂದಿ ದೊಡ್ಡಿಯಿಂದ ಬಂದು ಸ್ನಾನ ಮಾಡಿದ್ರೆ ಸರಿ. ಇವಳು ಹೋಗೋಕೆ ಮುಂಚೇನೂ ಮಾಡ್ತಾಳೆ! ಮೇಲೆ ಒಗೆದ ಬಟ್ಟೆ, ಔಷಧಿ ನೀರಲ್ಲಿ ಅದ್ದಿದ ಬೂಟು.

"ಏನೇ ಇದು, ಹಂದಿ ಮುಟ್ಟೋಕೂ ಮಡಿಯಾ?"

"ಹೂಂ ಅಜ್ಜಿ. ನಮ್ಮಿಂದ ಅವಕ್ಕೆ ರೋಗ ಹೋಗಬಾರದಲ್ಲ!"

ನಮ್ಮತ್ತೆ ದೇವರಿಗೂ ಇಷ್ಟು ಮಡಿ ಮಾಡ್ತಿರಲಿಲ್ಲ!

ಒಂದ್ಸಲ ಯಶವಂತಪುರದಿಂದ ಹೆಣ್ಣು ನೋಡೋಕೆ ಬಂದ್ರು. ಹುಡುಗನ ತಾಯಿ, "ಹುಡುಗಿ ಏನ್ಮಾಡ್ತಾಳೆ?" ಅಂದ್ರು. ಆ ಇಂಗ್ಲಿಷ್ ಹೆಸರಿಗೆಲ್ಲ ನನ್ನ ನಾಲಿಗೆ ಹೊರಳಬೇಕಲ್ಲ! "ಕಾಲೇಜು ಮುಗಿದಾಗಿಂದ ಇವಳದು ಹಂದಿಜ್ವರಾನೇ ಕಣಮ್ಮ" ಅಂದೆ. ಮನುಷ್ಯರಿಗೆ ಬರುತ್ತಲ್ಲ, ಆ ಜ್ವರ ಅಂದ್ಕೊಂಡು ಆಯಮ್ಮ ಮೂಗಿಗೆ ಸೆರಗು ಹಿಡಿದೋರು ಗೇಟು ದಾಟೋ ತನಕ ತೆಗೀಲಿಲ್ಲ! ಕೇಸರಿಬಾತೆಲ್ಲ ನಮಗೇ ಉಳೀತು. ಮೊಮ್ಮಗಳು ಬಿದ್ದು ಬಿದ್ದು ನಕ್ಕು, "ಅಜ್ಜೀ, ಮುಂದಿನೋರಿಗೂ ಇದನ್ನೇ ಹೇಳು" ಅಂದಳು!

ಆಮೇಲೆ ನನ್ನ ಕೂರಿಸಿ ಪಾಠ ಮಾಡಿದಳು. ಹಂದಿಗಳಿಗೆ ಬರೋ ಕೆಟ್ಟ ಜ್ವರ ಎರಡಂತೆ, ನೋಡೋಕೆ ಅವಳಿ ಜವಳಿ. ಒಂದಕ್ಕೆ ಲಸಿಕೆ ಇದೆ. ಇನ್ನೊಂದಕ್ಕಿಲ್ಲ; ಅದು ಬಂತೋ, ದೊಡ್ಡೀಲಿರೋ ಹಂದಿಗಳನ್ನೆಲ್ಲ ಕೊಂದು ಹೂಳಬೇಕು. ಯಾವುದು ಅಂತ ಬೇಗ ಹೇಳೋ ಪರೀಕ್ಷೆಗೇ ಇವಳ ಒದ್ದಾಟ.

ಮೊನ್ನೆ ಚಿಕ್ಕಜಾಲದಲ್ಲಿ ಹಂದಿ ಸಾಕಿರೋ ಒಬ್ಬ ಹೆಂಗಸಿನ ಮರಿಗಳು ಜ್ವರ ಬಂದು ಸತ್ತವು. ಆಯಮ್ಮನ ಜೀವನ ನಡಿಯೋದೇ ಹಂದಿಗಳಿಂದ. ಮೊಮ್ಮಗಳು ರಕ್ತ ತಂದು ಪರೀಕ್ಷೆಗಿಟ್ಟಳು. ಫಲಿತಾಂಶ ಬರೋ ತನಕ ಅವಳಿಗೆ ಊಟ ಸೇರಲಿಲ್ಲ. ಇವತ್ತು ಬೆಳಗ್ಗೆ ಲ್ಯಾಬಿಂದ ಫೋನಲ್ಲಿ ಒಂದೇ ಕಿರುಚು: "ಅಜ್ಜೀ, ಲಸಿಕೆ ಇರೋ ಜ್ವರಾನೇ!"

ಜ್ವರ ಅಂದಿದ್ದಕ್ಕೆ ಕುಣಿದಾಡಿದ ಮುದುಕಿ ಈ ಬೆಂಗಳೂರಲ್ಲಿ ನಾನೊಬ್ಬಳೇ ಇರಬೇಕು! ಮಧ್ಯಾಹ್ನದೊಳಗೆ ಉಳಿದ ಹಂದಿಗಳಿಗೆಲ್ಲ ಲಸಿಕೆ ಹಾಕಿಸಿಯೇ ಬಂದಳು.

ಸಂಜೆ ಮಗ, ಸೊಸೆ, ನಾನು, ಇವಳು, ಎಲ್ಲಾ ಒಟ್ಟಿಗೆ ಊಟಕ್ಕೆ ಕೂತ್ವಿ. ಬಿಸಿ ಮುದ್ದೆ, ಬಸ್ಸಾರು. ನನ್ನ ಬಾಯಿ ಇನ್ನೂ ನಿಂತಿರಲಿಲ್ಲ. ನೋಡಿದ್ರೆ ಹುಡುಗಿ ತಟ್ಟೆ ಮುಂದೆ ಸದ್ದಿಲ್ಲದೆ ಅಳ್ತಿದ್ದಾಳೆ.

"ಇನ್ನೊಂದು ಜ್ವರ ಆಗಿದ್ರೆ, ಎಲ್ಲಾನೂ ಕೊಲ್ಲಬೇಕಮ್ಮ ಅಂತ ಆಯಮ್ಮನಿಗೆ ನಾನೇ ಹೇಳಬೇಕಿತ್ತು ಅಜ್ಜಿ."

ಒಂದು ತುತ್ತು ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಅವಳ ಬಾಯಿ ಹತ್ರ ಹಿಡಿದೆ. ಅಳ್ತಾನೇ ನುಂಗಿದಳು. ಸೊಸೆ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಬೇಡ ಅನ್ನಲಿಲ್ಲ.