ಅತ್ತೆಯ ಐಸ್‌ಲ್ಯಾಂಡಿಕ್ ವ್ಯಾಕರಣ

ಫ್ರಿಜ್ಜಿನ ಮೇಲೆ ನೀಲಿ ಚೀಟಿ, ಬಾಗಿಲಿಗೆ ಕೆಂಪು, ಊಟದ ಮೇಜಿಗೆ ಹಸಿರು. ಕ್ಯಾಲಿಫೋರ್ನಿಯಾದ ಟೊರೆನ್ಸಿನಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ಕೂರುವ ಮೊದಲು ಕುರ್ಚಿ ಗಂಡೋ ಹೆಣ್ಣೋ ಎಂದು ನೋಡಿಕೊಳ್ಳಬೇಕು! ಏಕೆಂದರೆ, ಧಾರವಾಡದಿಂದ ಬಂದು, ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರಾಗಿದ್ದು, ಈಗ ನಿವೃತ್ತರಾಗಿರುವ ನಮ್ಮತ್ತೆ ಐಸ್‌ಲ್ಯಾಂಡಿಕ್ ಕಲಿಯುತ್ತಿದ್ದಾರೆ. ಆ ಭಾಷೆಯಲ್ಲಿ ಫ್ರಿಜ್ ಗಂಡು, ಬಾಗಿಲು ಹೆಣ್ಣು. ಮೇಜು ಮಾತ್ರ, ಪುಣ್ಯಕ್ಕೆ, ನಮ್ಮ ಮೇಜಿನಂತೆ ನಪುಂಸಕ.

ಕಲಿಯಲಿ, ಬೇಡವೆಂದವರು ಯಾರು? ಆದರೆ ಅದು ಕನ್ನಡಕ್ಕೂ ಅಂಟಿಕೊಂಡಿತು.

“ಎಲ್ಲಿ ಹೋದ್ಲು?”

“ಯಾರು ಅತ್ತೆ?”

“ಚಮಚ! ಚಾಕೂನ ಮಗ್ಗಲ್ದಾಗ ಇದ್ಲು. ಅಂವಾ ಇಲ್ಲೇ ಇದ್ದಾನ, ಇಕಿ ಇಲ್ಲ.”

ಮೊದಲ ವಾರ ಅವರಿಗೆ ಆ ವ್ಯಾಕರಣದ ಮೇಲೆ ಕನಿಕರವೇ ಇತ್ತು. “ನಾಕೇ ವಿಭಕ್ತಿ! ಪಾಪ. ನಾವು ಸಾಲ್ಯಾಗ ಏಳು ಬಾಯಿಪಾಠ ಮಾಡಿದವರು.” ಎರಡನೆಯ ವಾರ ಸಂಖ್ಯೆಗಳು ಬಂದವು. ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳು ಲಿಂಗ ನೋಡಿ, ವಿಭಕ್ತಿ ನೋಡಿ ವೇಷ ಬದಲಿಸುತ್ತವೆ. ಐದಕ್ಕೆ ಬಂದರೆ ತೆಪ್ಪಗಾಗುತ್ತವೆ. ಅತ್ತೆ ಇಂಜಿನಿಯರಲ್ಲವೇ? ಪರಿಹಾರ ಕಂಡುಹಿಡಿದರು: ಯಾವುದನ್ನೂ ಐದಕ್ಕಿಂತ ಕಡಿಮೆ ಕೊಳ್ಳಬಾರದು! ವೆಸ್ಟ್ ಕೊವಿನಾದ ಅಂಗಡಿಯಿಂದ ಐದು ಕುಂಬಳಕಾಯಿ ಹೊತ್ತು ಕಾರಿಗೆ ತಂದವಳು ನಾನು.

ತರಗತಿ ನಡೆಯುವುದು ಸ್ಯಾನ್ ಡಿಯಾಗೋದಲ್ಲಿ, ಶನಿವಾರ. ಅತ್ತೆ ಫ್ರೀವೇಯಲ್ಲಿ ಡ್ರೈವ್ ಮಾಡುವುದಿಲ್ಲ. ನಾನು ಎರಡು ಗಂಟೆ ಡ್ರೈವ್ ಮಾಡಿ, ಅವರನ್ನು ಇಳಿಸಿ, ಮೂರು ಗಂಟೆ ಕಾರಿನಲ್ಲಿ ಪುಸ್ತಕ ಓದಿಕೊಂಡು ಕೂರುತ್ತಿದ್ದೆ. ಕೊನೆಯ ಪರೀಕ್ಷೆಯಲ್ಲಿ ಅತ್ತೆಗೆ ನೂರಕ್ಕೆ ತೊಂಬತ್ತಾರು! ಇನ್ನು ನನ್ನ ಶನಿವಾರ ನನ್ನದು ಎಂದುಕೊಂಡೆ. ಮರುವಾರವೇ ಅವರು ಅದೇ ಆರಂಭಿಕ ತರಗತಿಗೆ ಮತ್ತೆ ಹೆಸರು ಕೊಟ್ಟರು.

“ಅತ್ತೆ, ಪಾಸಾದವರು ಮುಂದಿನ ಕ್ಲಾಸಿಗೆ ಹೋಗ್ಬೇಕಲ್ವಾ?”

“ಮುಂದಿಂದು ಇಲ್ಲವ್ವಾ. ಆ ಟೀಚರು ನಡಸೋದು ಇದೊಂದ.”

“ಮತ್ತೆ ಅದನ್ನೇ ಕಲಿತು ಏನು ಮಾಡ್ತೀರಿ?”

“ಆ ನಾಕು ಮಾರ್ಕ್ಸ್ ಎಲ್ಲಿ ಹೋದ್ವು ನೋಡಬ್ಯಾಡೇನು?”

ತೊಡಕೊಂದಿತ್ತು. ಶುಕ್ರವಾರದೊಳಗೆ ಎಂಟು ಮಂದಿ ಸೇರದಿದ್ದರೆ ತರಗತಿ ರದ್ದು. ಸೇರಿದ್ದವರು ಆರು. ಆ ಭಾನುವಾರ ಕನ್ನಡದವರ ಯುಗಾದಿ ಊಟ. ಅಲ್ಲಿ ಅತ್ತೆ, ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ ಮಾಡುವ ಅಂಕಲ್ ಒಬ್ಬರ ಪಕ್ಕದಲ್ಲೇ ಎಲೆ ಹಿಡಿದು, ನೀವೂ ಐಸ್‌ಲ್ಯಾಂಡಿಕ್ ಕಲಿಯಿರಿ ಎಂದು ಗಂಟುಬಿದ್ದರು.

“ನಮ್ಮ ಪೋರ್ಟಿಗೆ ಆ ದೇಶದ ಹಡಗು ಬಂದಿದ್ದು ನಾನು ನೋಡೇ ಇಲ್ಲ ಮೇಡಂ.”

“ನಾಳೆ ಬಂದ್ರ? ಆವಾಗ ಓಡಿಕೋತ ನನ್ನ ಹಂತೇಕನ ಬರ್ತೀರಿ!”

ಬಾಯಿ ತುಂಬ ಹೋಳಿಗೆ ಇದ್ದುದರಿಂದ ಅಂಕಲ್‌ಗೆ ಇಲ್ಲವೆನ್ನಲಾಗಲಿಲ್ಲ. ಸುಮ್ಮನೆ ತಲೆಯಾಡಿಸಿದರು. ಅವರು ಪಾಯಸಕ್ಕೆ ಬರುವಷ್ಟರಲ್ಲಿ ಅತ್ತೆ ಫೋನಿನಲ್ಲಿ ಅರ್ಜಿ ತುಂಬಿಸಿಯಾಗಿತ್ತು. ಏಳು!

ಗುರುವಾರ ಸಂಜೆ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ಸಾಧ್ಯವೇ ಇಲ್ಲ ಎಂದೆ. ಆ ತರಗತಿಯಲ್ಲಿ ಪ್ರತಿ ವಾರ ಎದ್ದು ನಿಂತು ತನ್ನ ಬಗ್ಗೆ ಹೇಳಬೇಕಂತೆ. ನನ್ನ ಬಗ್ಗೆ ನಾನು ಕನ್ನಡದಲ್ಲೇ ಯಾರಿಗೂ ಹೇಳಿದವಳಲ್ಲ!

ಅತ್ತೆ ವಾದಕ್ಕಿಳಿಯಲಿಲ್ಲ. ಮೆಂತ್ಯ ಸೊಪ್ಪು ಬಿಡಿಸುತ್ತ ಹೇಳಿದರು: “ಆ ಟೀಚರಿಗೆ ಎಂಬತ್ತೊಂದು. ಗಂಡ ತೀರಿಕೊಂಡಾನ. ಮಕ್ಕಳು ಎಲ್ಲಾದಕ್ಕೂ ಇಂಗ್ಲಿಷಿನ್ಯಾಗ ಉತ್ತರಾ ಕೊಡ್ತಾವಂತ. ಶನಿವಾರ ಮೂರು ತಾಸು ಬಿಟ್ರ ಆಕಿ ಭಾಷಾ ಆಕಿ ಬಾಯಾಗಿಂದ ಹೊರಗ ಬರಂಗಿಲ್ಲ. ನಾವು ತಪ್ಪು ತಪ್ಪು ಮಾತಾಡಿದ್ರೂ, ಆಕಿ ಮುಖಾ ನೋಡಬೇಕು ನೀ.”

ಒಂದು ಕಡ್ಡಿ ಬಿಡಿಸಿ ಬದಿಗಿಟ್ಟರು.

“ನಿಮ್ಮ ಮಾವ ಹೋದಮ್ಯಾಲೆ, ನೀ ಈ ಮನೀಗೆ ಬರೋತನಕ, ನಾನೂ ಕುಕ್ಕರಿನ ಜೋಡಿ ಕನ್ನಡ ಮಾತಾಡ್ತಿದ್ದೆ.”

ನಾನು ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಇದನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ಕಾಫಿಗೂ ಮೊದಲೇ, ಅಪ್ಲೈ ಮಾಡಿದೆ. ಪರದೆಯ ಮೇಲೆ ಏಳು ಹೋಗಿ ಎಂಟಾಯಿತು! ಆಮೇಲೆ ಆಫೀಸಿಗೆ ಹೋಗುವ ದಾರಿಯಲ್ಲಿ, ಕಾರಿನ ಕಿಟಕಿಗಳನ್ನೆಲ್ಲ ಏರಿಸಿಕೊಂಡು, ‘ನನ್ನ ಹೆಸರು ಇಂಥದ್ದು’ ಎಂದು ಐಸ್‌ಲ್ಯಾಂಡಿಕ್‌ನಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಹನ್ನೊಂದು ಸಲ.