ನಾಲ್ಕು ನಿಮಿಷದಲ್ಲಿ ವಾಸಿಯಾದ ಚಾಲಕನ ಅಹವಾಲು

ಸೇನಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮಂಥ ಅಧಿಕಾರಿಗಳಿಗೆ ಕುಳಿತು ಬರೆಯುವ ಧೈರ್ಯ ನನಗಿನ್ನೂ ಬಾರದ ಕಾರಣ, ಎದ್ದು ನಿಂತೇ ಈ ಪತ್ರ ಬರೆಯುತ್ತಿದ್ದೇನೆ.

ಕಣ್ಣೆದುರೇ ಸೇತುವೆ ಕುಸಿದು ಮುಂದಿನ ಲಾರಿ ಹೊಳೆಪಾಲಾದಂದಿನಿಂದ, ಸೇನೆಯ ಲಾರಿ ಚಾಲಕನಾದ ನನಗೆ ಸೇತುವೆ ಕಂಡರೆ ಸ್ಟಿಯರಿಂಗಿನ ಮೇಲೆ ಕೈ ಮರಗಟ್ಟುತ್ತದೆ. ಇಂಥವರಿಗಾಗಿ ತಾವು ‘ರೋಗಿಯ ಇಚ್ಛೆ’ ಎಂಬ ನಮೂನೆಯನ್ನೇ ಅಚ್ಚು ಹಾಕಿಸಿದ್ದೀರೆಂದು ತಿಳಿದು ಕಣ್ಣು ತುಂಬಿ ಬಂತು. ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ಕೂತು ಅದನ್ನು ತುಂಬಿದೆವು: ಸಮವಸ್ತ್ರ ತೊಡದ ಡಾಕ್ಟರು ಬೇಕು, ಬಾಗಿಲು ಮುಚ್ಚಿದ ಕೋಣೆ ಬೇಕು, ಸಂಗತಿ ನಮ್ಮ ಕಮಾಂಡರ್ ಸಾಹೇಬರ ಕಿವಿಗೆ ಬೀಳಬಾರದು.

ತಮ್ಮವರ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ನಮೂನೆಗೆ ಕಮಾಂಡರ್ ಸಾಹೇಬರ ರುಜು ಬೇಕೆಂದು ಗುಮಾಸ್ತರು ಅದನ್ನು ನೇರವಾಗಿ ಅವರಿಗೇ ಕಳಿಸಿದರು. ಅವರು ಓದಿ, ಅಕ್ಷರ ದುಂಡಗಿದೆಯೆಂದು ಮೆಚ್ಚಿ ರುಜು ಹಾಕಿದರು. ಡಾಕ್ಟರು ಹೆಗಲ ತುಂಬ ನಕ್ಷತ್ರ ಹೊತ್ತು ಬಂದರು. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತಿದ್ದ ನನ್ನ ದಳದ ಆರು ಮಂದಿಗೂ ಕೇಳುವಂತೆ ಗುಮಾಸ್ತರು ನನ್ನ ಇಚ್ಛೆಗಳನ್ನು ಗಟ್ಟಿಯಾಗಿ ಓದಿದರು.

ನಕ್ಷತ್ರ ಕಂಡದ್ದೇ ತಡ, ಹದಿನಾರು ವರ್ಷದ ಕವಾಯತು ನನ್ನನ್ನು ಕಂಬದಂತೆ ನಿಲ್ಲಿಸಿತು. ನಿದ್ದೆ ಹೇಗೆ, ಕೈ ಹೇಗೆ, ಮನಸ್ಸು ಹೇಗೆ ಎಂದು ಅವರು ಕೇಳಿದ ಪ್ರತಿಯೊಂದಕ್ಕೂ ನನ್ನ ಬಾಯಿ ನನ್ನನ್ನು ಕೇಳದೆಯೇ “ಎಲ್ಲ ಸರಿಯಿದೆ ಸಾರ್” ಎಂದಿತು. ನಾಲ್ಕನೇ ನಿಮಿಷಕ್ಕೆ ವಾಸಿಯಾದೆನೆಂಬ ಸರ್ಟಿಫಿಕೇಟು ಬಂತು. ಅದರ ಬೆನ್ನಿಗೇ, ಸೋಮವಾರ ಇಪ್ಪತ್ತು ಸೈನಿಕರನ್ನು ಕೂರಿಸಿಕೊಂಡು ಹೊಳೆ ದಾಟಬೇಕೆಂಬ ಆಜ್ಞೆಯೂ ಬಂತು.

ಹೆಂಡತಿ ಎರಡನ್ನೂ ಓದಿ, “ನನ್ನ ಮುಂದೆ ಅತ್ತಿದ್ದನ್ನ ಅಲ್ಲಿ ಹೇಳೋಕೇನ್ರೀ ಧಾಡಿ ನಿಮಗೆ?” ಎಂದಳು.

ಆದಕಾರಣ ಪ್ರಾರ್ಥನೆ ಇಷ್ಟೇ. ಡಾಕ್ಟರ ಸಮವಸ್ತ್ರ ಕಳಚಲು ನಿಯಮ ಒಪ್ಪದಿದ್ದರೆ ನನ್ನ ಕಣ್ಣನ್ನಾದರೂ ಕಟ್ಟಿಸಿ. ಅದೂ ಕಷ್ಟವೆನಿಸಿದರೆ ಒಂದು ದಿನದ ಮಟ್ಟಿಗೆ ಅವರಿಗಿಂತ ಮೇಲಿನ ಹುದ್ದೆ ನನಗೆ ಕೊಡಿಸಿ. ಅವರು ನಿಂತಿರಲಿ, ನಾನು ಕೂತು ಎಲ್ಲ ಹೇಳುತ್ತೇನೆ. ಯಾವುದೂ ಆಗದಿದ್ದರೆ ಸೋಮವಾರದೊಳಗೆ ಹೊಳೆಗೇ ಪಕ್ಕಕ್ಕೆ ಸರಿಯಲು ಆಜ್ಞಾಪಿಸಿ. ತಮ್ಮ ವಿಭಾಗದ ಮಾತಿಗೆ ರೋಗವೇ ಓಡಿಹೋಗುವಾಗ ಹೊಳೆ ಯಾವ ಲೆಕ್ಕ?

ತಮ್ಮ ವಿಶ್ವಾಸಿ,
ಸರ್ಟಿಫಿಕೇಟಿನ ಪ್ರಕಾರ ಆರೋಗ್ಯವಂತನಾದ ಲಾರಿ ಚಾಲಕ

ವಿ.ಸೂ.: ಈ ಪತ್ರದ ಲಕೋಟೆಯಲ್ಲಿ ಲಾರಿಯ ಕೀಲಿಯೂ ಇದೆ. ಆ ಇಪ್ಪತ್ತು ಮಂದಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಆಜ್ಞೆ ಮೀರಿದವನ ವಿಚಾರಣೆಯಲ್ಲಿ ಅವನು ಹೇಳಿದ್ದನ್ನೆಲ್ಲ ಕೇಳಿ, ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಾರಂತೆ. ಆ ವಿಚಾರಣೆಗಾದರೂ ದಯವಿಟ್ಟು ಬೇಗ ಕರೆಸಿ.