ಒಬ್ಬಳೇ ಮುಳುಗೋಕೆ ಬಿಡ್ರಪ್ಪಾ!

ಹೆಂಗಸೊಬ್ಬಳು ‘ನಾನು ಒಬ್ಬಳೇ ಹೋಗ್ತೀನಿ’ ಅಂದರೆ ಸಾಕು, ನಮ್ಮ ಕೊಳ್ಳೇಗಾಲದಲ್ಲಿ ಯಾರಾದರೂ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಐವತ್ತು ದಾಟಿದ ಮೇಲಾದರೂ ಇದು ನಿಲ್ಲಬಹುದು ಅಂದುಕೊಂಡಿದ್ದೆ. ನಿಲ್ಲಲಿಲ್ಲ. ನಿಲ್ಲುವ ಲಕ್ಷಣವೂ ಇಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ, ಬರೆದರಾದರೂ ಹೊಟ್ಟೆಯುರಿ ಸ್ವಲ್ಪ ತಣ್ಣಗಾಗಲಿ ಅಂತ.

ನಾನು ದನದ ಡಾಕ್ಟರು. ಮನೆ ಕೊಳ್ಳೇಗಾಲ, ಕೆಲಸ ಹನೂರು ಕಡೆ. ಮದುವೆ ಆಗಿಲ್ಲ. ಯಾಕೆ ಅಂತ ಹೇಳಿ ಹೇಳಿ ಬಾಯಿ ಸವೆದಿದೆ, ಇನ್ನು ಹೇಳುವುದಿಲ್ಲ. ಭಾವ ಹೋದ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ನಡುಮನೆಯಲ್ಲಿ ರಾಟೆ ಹಾಕಿಕೊಂಡು ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಾಳೆ. ಬಾಯಿ ಬಿಡುವಾಗಿರುತ್ತದಲ್ಲ, ಅದರಲ್ಲಿ ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ತಿಂದ್ಯಾ, ಎಲ್ಲಿದ್ದೀಯ, ಯಾರ ಜೊತೆ ಬಂದೆ, ಇನ್ನೂ ಯಾಕೆ ತಿಂದಿಲ್ಲ.

ಕೆಲವು ವರ್ಷದ ಹಿಂದೆ ಇಲಾಖೆಯವರೆಲ್ಲ ಸೇರಿ ಮುರುಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ಬೆನ್ನಿಗೆ ಗಾಳಿ ಸಿಲಿಂಡರು, ಬಾಯಿಗೆ ಕೊಳವೆ, ಸೀದಾ ಸಮುದ್ರದ ತಳಕ್ಕೆ. ಜೊತೆಯವರೆಲ್ಲ ದೋಣಿಯಲ್ಲೇ ವಾಂತಿ ಮಾಡಿಕೊಂಡು ಕೂತರು. ನಾನು ಇಳಿದೆ. ಮೀನು, ಹವಳ ಎಲ್ಲ ಚೆನ್ನಾಗಿತ್ತು, ಅದಿರಲಿ. ದೊಡ್ಡ ಸಂಗತಿ ಅಂದರೆ, ಅಲ್ಲಿ ಯಾರೂ ಮಾತಾಡುವ ಹಾಗಿಲ್ಲ! ಎಲ್ಲರ ಬಾಯಿಗೂ ಕೊಳವೆ! ಹುಟ್ಟಿದಾಗಿನಿಂದ ಇಂಥ ಜಾಗ ಒಂದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ರಜ ಹಾಕಿ ಹೋಗಿ ಕೋರ್ಸನ್ನೇ ಮುಗಿಸಿ ಬಂದೆ. ಈ ವರ್ಷ ಕೆರಿಬಿಯನ್ ಸಮುದ್ರಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದೆ. ಅಲ್ಲಿ ನೀರು ತಿಳಿಯಾಗಿದೆಯಂತೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನಮ್ಮ ನೆಂಟರು ಯಾರೂ ಇಲ್ಲ. ಕೊಟ್ಟ ಕಾಸಿಗೆ ನನಗೆ ಬೇಕಾದ್ದು ಒಂದೇ: ಸ್ವಲ್ಪ ದಿನ ನನ್ನನ್ನು ಯಾರೂ ಏನೂ ಕೇಳಬಾರದು.

ಬಸ್ ಮಾಡ್ಬುಡಾಣ

ಮೊದಲು ಹೋಗಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ಸಿಗೆ. ಕಾಶಿ, ರಾಮೇಶ್ವರ, ಶಿರಡಿಗೆ ಜನ ತುಂಬಿಕೊಂಡು ಹೋಗುವವನು. ಅಡುಗೆಯವರನ್ನೂ ಅಕ್ಕಿ ಮೂಟೆಯನ್ನೂ ಬಸ್ಸಿನಲ್ಲೇ ಹಾಕಿಕೊಂಡು ಹೋಗಿ, ಎಲ್ಲಿ ನಿಲ್ಲಿಸಿದರೆ ಅಲ್ಲಿ ಉಪ್ಪಿಟ್ಟು ಕೆದಕುತ್ತಾನೆ.

“ಕೆರಿಬಿಯನ್‌ನಲ್ಲಿ ಡೈವಿಂಗ್ ಮಾಡಿಸೋ ರೆಸಾರ್ಟು ಬೇಕು. ನಾನೊಬ್ಬಳೇ,” ಅಂದೆ.

“ಒಬ್ರೇಯಾ ಮೇಡಂ?” ಅಂತ ನನ್ನ ಹಿಂದೆ ಬಗ್ಗಿ ನೋಡಿದ.

“ಒಬ್ಬಳೇ.”

“ಒಬ್ರಿಗೆ ಒಲೆ ಹಚ್ಚೋಕಾಗಲ್ಲ ಮೇಡಂ. ಇನ್ನೊಂದು ಮೂವತ್ತು ಜನ ಸೇರ್ಸಿ. ನಮ್ ಭಟ್ಟರನ್ನೇ ಕಳಿಸ್ತೀನಿ. ಬಸ್ಸೇ ಮಾಡ್ಬುಡಾಣ.”

ನನಗೆ ರೇಗಿತು. “ಬಸ್ಸು ಹೆಂಗ್ರೀ ಹೋಗುತ್ತೆ? ಮಧ್ಯೆ ಸಮುದ್ರ ಇಲ್ವಾ?”

ಅವನು ನನ್ನನ್ನು ಪಾಪ ಅನ್ನೋ ಹಾಗೆ ನೋಡಿದ. “ರಾಮೇಶ್ವರಕ್ಕೂ ಅದೆ ಮೇಡಂ ಸಮುದ್ರ. ಓಯ್ತಾ ಇಲ್ವಾ ನಾವು?”

ಇಲ್ಲದ ಗಂಡನ ತಿಂಡಿ

ಇವರ ಸಹವಾಸವೇ ಬೇಡ ಅಂತ ಲ್ಯಾಪ್‌ಟಾಪು ತೆಗೆದುಕೊಂಡು ನಾನೇ ಹುಡುಕಲು ಕೂತೆ. ಅಕ್ಕ ರಾಟೆ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಹವಳದ ದಿಬ್ಬ ದಡದಿಂದ ಎಷ್ಟು ದೂರ, ನೀರಿನ ಸೆಳೆತ ಹೇಗೆ, ದೋಣಿಗೆ ಎಷ್ಟು ಜನ ಹತ್ತಿಸುತ್ತಾರೆ, ಇವು ನಾನು ನೋಡುತ್ತಿದ್ದದ್ದು. ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆಯಾ, ಮೊಸರು ಸಿಗುತ್ತದಾ, ಇವು ಅವಳು ನೋಡುತ್ತಿದ್ದದ್ದು.

ಮೊದಲನೇ ರೆಸಾರ್ಟು ತೆಗೆದೆ. ಹಾಸಿಗೆ ಮೇಲೆ ಟವೆಲ್ಲನ್ನು ಎರಡು ಹಂಸದ ಹಾಗೆ ಮಡಿಸಿ, ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ಸುತ್ತ ಗುಲಾಬಿ ಎಸಳು.

“ಇದು ಪ್ರಸ್ತದ ಕೋಣೆ ಕಣೇ!” ಅಂದಳು ಅಕ್ಕ. ಮುಚ್ಚಿದೆ.

ಎರಡನೆಯದರಲ್ಲಿ ದೋಣಿ ತುಂಬ ಜನ, ಕೈಯಲ್ಲಿ ಗ್ಲಾಸು, ನೆತ್ತಿ ಮೇಲೆ ಧ್ವನಿವರ್ಧಕ. ಇದಕ್ಕೆ ಕೆರಿಬಿಯನ್ ಯಾಕೆ ಬೇಕು, ನಮ್ಮ ಬೀದಿಯಲ್ಲಿ ಯಾರದಾದರೂ ಮದುವೆ ದಿಬ್ಬಣ ಹೊರಟರೆ ಸಾಕು. ಅದನ್ನೂ ಮುಚ್ಚಿದೆ.

ಮೂರನೆಯದು ಪುಟ್ಟ ದ್ವೀಪ, ಬೆರಳೆಣಿಕೆಯ ಗುಡಿಸಲು, ಬಾಗಿಲು ತೆರೆದರೆ ಎದುರಿಗೇ ಹವಳದ ದಿಬ್ಬ. ಹಾಡಿಲ್ಲ, ಹಂಸ ಇಲ್ಲ. ನಡೆಸುವವಳು ಒಬ್ಬ ಹೆಂಗಸು. ಮನಸ್ಸು ಕುಣಿಯಿತು. ಆಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿದ್ದದ್ದು ಕಣ್ಣಿಗೆ ಬಿತ್ತು. ಒಬ್ಬರೇ ಬಂದರೂ ಕೋಣೆಗೆ ಇಬ್ಬರ ಬಾಡಿಗೆಯನ್ನೇ ಕೊಡಬೇಕು, ಬೆಳಗಿನ ತಿಂಡಿ ಸೇರಿ.

ನನಗೆ ಬಂದ ಸಿಟ್ಟು ಹೇಳತೀರದು. ಮದುವೆ ಬೇಡ ಅಂತ ಇಷ್ಟು ವರ್ಷ ಊರನ್ನೆಲ್ಲ ಎದುರು ಹಾಕಿಕೊಂಡು, ಈಗ ಇಲ್ಲದ ಗಂಡನಿಗೆ ತಿಂಡಿ ಕೊಡಿಸಬೇಕಾ ನಾನು?

ಅಕ್ಕ ನನಗೆ ಸಮಾಧಾನ ಹೇಳಿದಳು. “ಕೊಡು ಬುಡು. ದುಡ್ಡಂತೂ ಓಯ್ತದೆ. ನಾನೇ ಬಂದು ತಿಂತೀನಿ.”

ನಮ್ಮೆಸ್ರಲ್ಲೂ ಒಂದು ಮುಳುಗು

ಸುದ್ದಿಯನ್ನು ಅಕ್ಕ ಯಳಂದೂರಿನ ನೆಂಟರಿಗೆ ಹೇಳಿದಳು. ಯಳಂದೂರಿಂದ ಅದು ಲೊಕ್ಕನಹಳ್ಳಿಗೆ ಹೇಗೆ ಹೋಯಿತೋ ಆ ಬೆಟ್ಟದ ಮಾದಪ್ಪನಿಗೇ ಗೊತ್ತು. ನಾನು ಹೋಗುವಷ್ಟರಲ್ಲಿ ಹೋಗಿತ್ತು.

ಅಲ್ಲಿ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ಕಾಲು ಮಡಿಚಿಕೊಂಡಿತ್ತು. ನಾನು ಕೊಟ್ಟಿಗೆಯ ನೆಲದಲ್ಲಿ ಮಂಡಿಯೂರಿ, ಭುಜದವರೆಗೂ ಕೈ ಒಳಗೆ ಹಾಕಿ ಕಾಲು ತಡಕುತ್ತಿದ್ದೆ. ಹಸುವಿನ ಯಜಮಾನಿ ಅಜ್ಜಿ ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ಕೂತಳು.

“ಸಮುದ್ರ ದಾಟಿ ಮುಳುಗಾಕೆ ಓಯ್ತೀರಂತಲ್ಲ ಡಾಕ್ಟ್ರವ್ವ. ಏನ್ ಹರಕೆ?”

“ಹರಕೆ ಇಲ್ಲ ಅಜ್ಜಿ. ಸುಮ್ನೆ.”

“ಸುಮ್ಸುಮ್ಕೆ ಯಾರಾರ ಮುಳುಗಾರಾ? ಏಳಿ, ನಾನ್ ಯಾರ್ಗೂ ಏಳಾಕಿಲ್ಲ.”

“ಅಜ್ಜಿ, ಬಾಲ ಹಿಡ್ಕೊ ಮೊದಲು.”

ಬಾಲ ಹಿಡಿದುಕೊಂಡಳು, ಬಾಯಿ ಮುಚ್ಚಲಿಲ್ಲ. ನಮ್ಮ ಕಡೆ ಒಂದು ರೂಢಿ ಉಂಟು. ಬೆಟ್ಟಕ್ಕೋ ಹೊಳೆಗೋ ಹೋಗುವವರ ಹತ್ತಿರ, ಹೋಗಲಾಗದವರು ‘ನನ್ನ ಹೆಸರಲ್ಲೂ ಒಂದು ಮುಳುಗು ಹಾಕಿ’ ಅಂತ ಹೇಳಿ ಕಳಿಸುತ್ತಾರೆ. “ಅಂಗಾರೆ ನಮ್ಮೆಸ್ರಲ್ಲೂ ಒಂದ್ ಮುಳುಗಾಕ್ಬುಡಿ,” ಅಂದಳು ಅಜ್ಜಿ. “ನಮ್ಮೆಜಮಾನ್ರ ಮಂಡಿನೋವ್ಗೆ ಒಂದು.”

ಬಾಗಿಲಲ್ಲಿದ್ದ ಪಕ್ಕದ ಮನೆಯವಳು ಕೇಳಿಸಿಕೊಂಡಳು. “ನನ್ ಸೊಸೆ ಎಸ್ರಲ್ಲಿ ಒಂದು ಕಣ್ರವ್ವ.” ಅವಳ ಹಿಂದಿನಿಂದ ಇನ್ಯಾರೋ ಗಂಡಸು, “ಆನೆ ಜೋಳಕ್ಕೆ ಬರ್ದಂಗೆ ಒಂದ್ ಆಕಿ, ದೊಡ್ದಾಗಿ!”

ನನ್ನ ಕೈ ಹಸುವಿನೊಳಗೆ ಸಿಕ್ಕಿದೆ, ಬಿಟ್ಟು ಓಡುವ ಹಾಗಿಲ್ಲ. ಕಿರುಚಿದೆ: “ಹರಕೆ ಅಲ್ಲ ಅಂತ ಎಷ್ಟು ಸಲ ಹೇಳ್ಲಿ? ನಾನು ಯಾರ ಹೆಸ್ರಲ್ಲೂ ಮುಳುಗಲ್ಲ! ಇಷ್ಟು ಜನದ ಹೆಸ್ರು ನನಗೆ ನೆನಪೂ ಇರಲ್ಲ!”

ಅಷ್ಟರಲ್ಲಿ ಕಾಲು ಕೈಗೆ ಸಿಕ್ಕಿತು, ಎಳೆದೆ, ಕರು ಜಾರಿ ಹೊರಗೆ ಬಂತು. ಅಜ್ಜಿ ಕರುವಿನ ಮೂಗು ಒರೆಸುತ್ತಾ ನಿಧಾನವಾಗಿ ಹೇಳಿದಳು: “ನೆನಪಿರಾಕಿಲ್ವಾ? ಅಂಗಾರೆ ನಾನೇ ಜತೇಲಿ ಬತ್ತೀನಿ ಬುಡಿ. ಎಸ್ರು ಏಳ್ತಾ ಓಯ್ತೀನಿ, ನೀವು ಮುಳುಗ್ತಾ ಓಗಿ.”

ವಿಷಯ ಹೇಳ್ಬೇಕು, ಕರೀರಿ

ಡೈವಿಂಗಿಗೆ ಹೋಗುವವರು ಕಿವಿ, ಶ್ವಾಸಕೋಶ, ಹೃದಯ ಸರಿ ಇದೆ ಅಂತ ವೈದ್ಯರಿಂದ ಸರ್ಟಿಫಿಕೇಟು ತರಬೇಕು. ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಎಲ್ಲ ಪರೀಕ್ಷೆ ಮಾಡಿ ಮುಖ ಗಂಭೀರ ಮಾಡಿಕೊಂಡರು.

“ಜೊತೆಗೆ ಯಾರು ಬಂದಿದ್ದಾರೆ? ಕರೀರಿ, ವಿಷಯ ಹೇಳ್ಬೇಕು.”

ನಾನು ಕುರ್ಚಿಯ ತುದಿಗೆ ಬಂದೆ. “ಏನು ವಿಷಯ ಡಾಕ್ಟ್ರೇ?”

“ನೀವು ಚೆನ್ನಾಗಿದ್ದೀರಿ ಅಂತ.”

“ನನಗೇ ಹೇಳಿದ್ರಲ್ಲ ಈಗ!”

“ಅದು ಬೇರೆ. ಮನೆಯವರು ಯಾರಾದ್ರೂ ಒಬ್ರು ಇರ್ಬೇಕು ಮೇಡಂ. ನಮ್ಮಲ್ಲಿ ಹಂಗೇ.”

ನಾನೂ ಡಾಕ್ಟರೇ ಅಂದೆ. ದನಗಳ ಜೊತೆಗೂ ಯಜಮಾನರು ಬರ್ತಾರಲ್ಲ ಮೇಡಂ ಅಂದರು. ಇದಕ್ಕೆ ಉತ್ತರ ಕೊಟ್ಟಿದ್ದರೆ ನನ್ನ ರಕ್ತದೊತ್ತಡ ಏರಿ ಸರ್ಟಿಫಿಕೇಟೇ ಕೈತಪ್ಪಿ ಹೋಗುತ್ತಿತ್ತು. ದಡದಡ ಹೊರಗೆ ಬಂದು, ನಿಂತಿದ್ದ ಆಟೋದವನನ್ನು ಒಳಕ್ಕೆ ಕರೆತಂದೆ. ನನಗೂ ಅವನಿಗೂ ಪರಿಚಯವೇ ಇಲ್ಲ. ಡಾಕ್ಟರು ಅವನನ್ನು ಕೂರಿಸಿ, ನನ್ನ ಶ್ವಾಸಕೋಶದ ಸಮಾಚಾರವನ್ನೆಲ್ಲ ಅವನಿಗೆ ವಿವರವಾಗಿ ತಿಳಿಸಿದರು.

ಆಟೋದವನು ಕೈ ಮುಗಿದ. “ಒಳ್ಳೇದಾಯ್ತು ಬುಡಿ ಸಾ. ನಾವೆಲ್ಲ ಬಾಳ ಎದ್ರುಬುಟ್ಟಿದ್ದೊ.”

ಅವಳ ಅಕ್ಕ

ಇಷ್ಟೆಲ್ಲ ಆದ ಮೇಲೆ ಮನೆಗೆ ಬಂದರೆ, ಅಕ್ಕ ಪಾಸ್‌ಪೋರ್ಟಿಗೆ ಅಂತ ಫೋಟೋ ತೆಗೆಸಿಕೊಂಡು ಬಂದಿದ್ದಳು!

“ನಾನೇನು ನೀರಿಗಿಳಿಯಲ್ಲ. ದಡದಲ್ಲಿ ಕೂತಿರ್ತೀನಿ. ನೀನು ಎದ್ದು ಬಂದಾಗ ಟವೆಲ್ ಕೊಡೋಕೆ ಒಬ್ರು ಬೇಡ್ವಾ?”

ನನ್ನ ತಾಳ್ಮೆ ಕೆಟ್ಟು ಹೋಯಿತು. “ಬೇಡ! ಯಾರೂ ಬೇಡ! ಸ್ವಲ್ಪ ದಿನ ಊಟ ಆಯ್ತಾ ಅಂತ ನನ್ನನ್ನ ಯಾರೂ ಕೇಳ್ಬಾರ್ದು, ಅದಕ್ಕೇ ಹೋಗ್ತಿರೋದು ನಾನು!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅಕ್ಕ ಫೋಟೋಗಳನ್ನು ಡಬ್ಬಿಗೆ ಹಾಕಿದಳು, ಮಾತು ಬಿಟ್ಟಳು. ತಟ್ಟೆ ತಂದು ಕುಕ್ಕುವಳು, ಹೋಗುವಳು. ನಾನು ಬಯಸಿದ ಮೌನ ಮನೆಯಲ್ಲೇ ಬಿಟ್ಟಿ ಸಿಕ್ಕಿತ್ತು. ಅದರಲ್ಲಿ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ, ಅದಕ್ಕೂ ಅವಳ ಮೇಲೇ ಸಿಟ್ಟು ಬಂತು.

ಹೀಗಿರುವಾಗ ಒಂದು ಸಂಜೆ, ಬೈದುಕೊಂಡೇ ಇಬ್ಬರ ಬಾಡಿಗೆಗೆ ಒಪ್ಪಿ ನಾನು ಕೋಣೆ ಹಿಡಿದಿದ್ದ ಆ ಮೂರನೇ ರೆಸಾರ್ಟಿನ ಯಜಮಾನಿ ವಿಡಿಯೋ ಕಾಲ್ ಮಾಡಿದಳು. ಬೆಳ್ಳಿ ಕೂದಲು, ಕಪ್ಪು ಮುಖ, ದೊಡ್ಡ ನಗು. ಅವಳು ಇಂಗ್ಲಿಷಿನಲ್ಲಿ ಕೇಳಿದ ಮೊದಲನೇ ಪ್ರಶ್ನೆ: “ನಿಮ್ಮ ಜೊತೆಗೆ ಯಾರು?”

ಇದು ಡೈವಿಂಗಿನ ನಿಯಮ. ನೀರಿಗೆ ಒಬ್ಬರನ್ನೇ ಬಿಡುವುದಿಲ್ಲ, ಇಬ್ಬಿಬ್ಬರೇ ಇಳಿಯಬೇಕು, ಒಬ್ಬರ ಮೇಲೊಬ್ಬರು ಕಣ್ಣಿಡಬೇಕು. ನನಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನಿಗೆ ಹೇಳಿರಲಿಲ್ಲ, ಅಷ್ಟೇ. ಆದರೆ ನಾನು ತಡವರಿಸಿದ್ದನ್ನು ನೋಡಿ ಅಕ್ಕನ ರಾಟೆ ನಿಂತಿತು.

“ಏನಂತೆ ಅವ್ಳು?” ಎಷ್ಟೋ ದಿನದ ಮೇಲೆ ಮೊದಲನೇ ಮಾತು.

“ಒಬ್ಬಳನ್ನೇ ನೀರಿಗೆ ಬಿಡಲ್ವಂತೆ,” ಅಂದೆ, ಹಲ್ಲು ಕಡಿದುಕೊಂಡು.

ಅಕ್ಕ ಸೆರಗು ಸರಿ ಮಾಡಿಕೊಂಡು ಬಂದು ನನ್ನನ್ನು ಪಕ್ಕಕ್ಕೆ ನೂಕಿ ಪರದೆಯ ಮುಂದೆ ಕೂತಳು. “ನೋಡವ್ವ, ಇದ್ನೇ ಕಣವ್ವ ನಾನು ಇಷ್ಟು ದಿನದಿಂದ ಬಡ್ಕಂಡಿದ್ದು!” ಆಕೆ ಏನಂದಳು ಅಂತ ಯಜಮಾನಿ ನನ್ನನ್ನು ಕೇಳಿದಳು. ಹೇಳಿದೆ. ಆಮೇಲೆ ಕಾಲ್ ಮುಗಿಯುವವರೆಗೂ ಅವರಿಬ್ಬರೇ ಮಾತಾಡಿದರು, ನನ್ನ ವಿಷಯ, ನನ್ನ ಬಾಯಿಂದಲೇ. “ಇವಳಿಗೆ ಸಿಟ್ಟು ಜಾಸ್ತಿಯಾ?” ಅಂತ ಅವಳು ಕೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು. “ಉಟ್ಟಿದಾಗ್ಲಿಂದ,” ಅಂತ ಇವಳು ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು.

ಕೊನೆಗೆ ಯಜಮಾನಿ, “ನನ್ನ ಅಕ್ಕನನ್ನೇ ಇವಳ ಜೊತೆ ಇಳಿಸ್ತೀನಿ. ಒಂದು ಕ್ಷಣ ಬಿಟ್ಟಿರಲ್ಲ ಅವಳು,” ಅಂದಳು. ನಮ್ಮ ಅಕ್ಕನ ಮುಖ ಅರಳಿತು. “ಅಂಗಾರೆ ಓಗ್ಬುಟ್ಟು ಬಾ,” ಅಂತ ಅಪ್ಪಣೆ ಕೊಟ್ಟಳು.

ಹೋದೆ. ಎರಡು ವಿಮಾನ, ಒಂದು ದೋಣಿ. ಇರಲಿ, ನೀರೊಳಗೆ ಯಾರಿದ್ದರೇನು, ಬಾಯಿಗೆ ಕೊಳವೆ ಇರುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡು ಇಳಿದೆ. ನೀಲಿ ಅಂದರೆ ನೀಲಿ. ಹವಳದ ಸಂದಿಯಲ್ಲೊಂದು ಆಮೆ ಮೇಯುತ್ತಿತ್ತು. ಒಂದು ಸದ್ದಿಲ್ಲ. ಇದಕ್ಕೇ ಅಲ್ಲವಾ ಬಂದದ್ದು ಅಂತ ಕಣ್ಣು ತುಂಬಿ ಬಂತು.

ಭುಜ ಯಾರೋ ತಟ್ಟಿದರು. ಜೊತೆಯವಳು ಶಾರ್ಕ್ ಏನಾದರೂ ತೋರಿಸುತ್ತಿದ್ದಾಳೇನೋ ಅಂತ ತಿರುಗಿದೆ. ಆ ಯಜಮಾನಿಯ ಅಕ್ಕ ಸೊಂಟದಿಂದ ಬಿಳೀ ಸ್ಲೇಟು ಬಿಚ್ಚಿ ಹಿಡಿದಿದ್ದಳು. ನೀರಲ್ಲೂ ಬರೆಯುವ ಸ್ಲೇಟು ಅದು, ಅಪಾಯವಾದರೆ ತಿಳಿಸೋಕೆ ಇಟ್ಟುಕೊಳ್ಳುವುದು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: “ಗಂಡ ಯಾಕೆ ಬರಲಿಲ್ಲ?”

ಆಮೆ ಹೆದರಿ ಓಡುವಷ್ಟು ಗುಳ್ಳೆ ಬಿಟ್ಟೆ ನಾನು. ಅವಳು ಅದನ್ನೊರೆಸಿ ಇನ್ನೊಂದು ಬರೆದಳು: “ಮಕ್ಕಳು?”

ಮೇಲೆ ಬಂದವಳೇ ಒದ್ದೆ ಮೈಯಲ್ಲೇ ಅಕ್ಕನಿಗೆ ಫೋನು ಮಾಡಿದೆ.

“ಜತೆಯವ್ಳು ಎಂಗವ್ಳೆ?” ಅಂದಳು.

“ಥೇಟ್ ನಿನ್ ಹಂಗೇ!”

“ಅಂಗಾರೆ ನಂಗೇನು ಚಿಂತೆ ಇಲ್ಲ ಬುಡು,” ಅಂದು ಫೋನಿಟ್ಟಳು.

ಊಟ ಆಯ್ತಾ ಅಂತ ಕೇಳಲೇ ಇಲ್ಲ! ಕೇಳಬೇಡ ಅಂದಿದ್ದೆ ನಿಜ. ಅಂದ ಮಾತ್ರಕ್ಕೆ ಕೇಳದೇ ಇದ್ದುಬಿಡುವುದಾ? ನನಗೆ ಮೈಯೆಲ್ಲ ಉರಿದು ಹೋಯಿತು. ಅಲ್ಲೇ ದಡದಲ್ಲಿ ನಿಂತುಕೊಂಡು, ಇನ್ನೊಂದು ಸಲ ಫೋನು ಮಾಡಿ ಸರಿಯಾಗಿ ಬೈದೆ.